ಆಗ ಯಾರೂ ವಾಕಿಂಗ್ ಹೋಗುತ್ತಿರಲಿಲ್ಲ

ಟಿ.ಬಿ. ಡ್ಯಾಮಿನ ಕ್ವಾರ್ಟರ್ಸ್‌ನಲ್ಲಿದ್ದ ಎಂಜಿನಿಯರುಗಳು ಸಂಜೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಹೆಂಡತಿಯರ ಜೊತೆ ಅಡ್ಡಾಡಲು ಹೊರಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ಹೊಸಪೇಟೆಯಲ್ಲಿ ವಾಕಿಂಗ್ ಅಂದರೆ ಅದೊಂದೇ. ಉಳಿದ ಊರು ಕೆಲಸಕ್ಕಾಗಿ ನಡೆಯುತ್ತಿತ್ತು. ದೊಡ್ಡಪ್ಪ ನಸುಕಿನಲ್ಲೇ ಎದ್ದು ಬಸವಣ್ಣ ಕಾಲುವೆಯ ದಂಡೆ ಹಿಡಿದು ಬಾಳೆತೋಟಕ್ಕೆ ಹೋದರೆ ಮಧ್ಯಾಹ್ನ ಉಂಡು ಮತ್ತೆ ಕಬ್ಬಿನ ಗದ್ದೆಗೆ. ಅವ್ವ ಕೊಡ ಹೊತ್ತು ನಲ್ಲಿಗೆ, ಜೋಳದ ಡಬ್ಬಿ ಹೊತ್ತು ಗಿರಣಿಗೆ, ಚೀಲ ಹಿಡಿದು ಸಂತೆಗೆ. ಕಮಲಾಪುರದ ಅಜ್ಜಿ ನಮ್ಮ ಮನೆಯಲ್ಲೇ ಉಳಿದಿದ್ದಳು. ಹಂಪಿ ಜಾತ್ರೆಗೆ ಬುತ್ತಿ ಕಟ್ಟಿಕೊಂಡು ಹನ್ನೆರಡು ಹದಿಮೂರು ಕಿಲೋಮೀಟರು ನಡೆದೇ ಹೋಗಿ, ತೇರು ನೋಡಿ, ನಡೆದೇ ಬರುತ್ತಿದ್ದಳು. ಬಸ್ಸಿನ ಚಿಲ್ಲರೆ ಉಳಿಯಲಿ ಎಂಬುದು ಅದಕ್ಕಿದ್ದ ಕಾರಣ. ಆರೋಗ್ಯದ ಮಾತನ್ನು ಯಾರೂ ಆಡಿದ್ದು ನೆನಪಿಲ್ಲ.

ಈಗ ಬೆಳಕು ಹರಿಯುವ ಮೊದಲೇ ಜಿಲ್ಲಾ ಕ್ರೀಡಾಂಗಣದಲ್ಲಿ ಅರವತ್ತು ದಾಟಿದವರ ದಂಡು ನೆರೆದಿರುತ್ತದೆ. ಕೆಲವರು ಜೋಳದರಾಶಿ ಗುಡ್ಡಕ್ಕೆ, ಮೊಣಕಾಲು ಗಟ್ಟಿಯಿದ್ದವರು ಜಂಬುನಾಥನ ಗುಡ್ಡಕ್ಕೆ ಹತ್ತುತ್ತಾರೆ. ನನ್ನ ಓರಗೆಯವರ ಮಾತು ಮಕ್ಕಳ ಮದುವೆ, ಪಿಂಚಣಿ ಎಲ್ಲ ದಾಟಿ ಈಗ ಒಂದೇ ಕಡೆ ಬಂದು ನಿಲ್ಲುತ್ತದೆ: ಮರೆವು. ಗ್ಯಾಸ್ ಆರಿಸಿದ್ದು ನೆನಪಿರಲಿಲ್ಲ, ಸೊಸೆಯ ತಂಗಿಯ ಹೆಸರು ನಾಲಿಗೆಗೆ ಬರಲಿಲ್ಲ, ಬ್ಯಾಂಕಿನಲ್ಲಿ ಸಹಿ ಹಾಕುವಾಗ ತಾರೀಖು ಹೊಳೆಯಲಿಲ್ಲ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: ‘ಆಗಿನವರಿಗೆ ಎಂಬತ್ತಾದ್ರೂ ತಲಿ ಚುರುಕಿತ್ತು ನೋಡ್ರಿ. ಜೋಳದ ರೊಟ್ಟಿ ತಿಂದ ಮೈ.’

ಈ ಮಾತನ್ನು ನಾನು ಒಪ್ಪುವುದಿಲ್ಲ. ಜೋಳದ ರೊಟ್ಟಿ ತಿಂದ, ಹಂಪಿಗೆ ನಡೆದು ಹೋಗಿಬರುತ್ತಿದ್ದ ಆ ಅಜ್ಜಿಯೇ ಕೊನೆಗೆ ನಮ್ಮಪ್ಪನನ್ನು ‘ನೀನು ಯಾರ ಮಗ’ ಎಂದು ಕೇಳುತ್ತಿದ್ದಳು. ರೊಟ್ಟಿ ಮುರಿದು ಸೀರೆಯ ಗಂಟಿನಲ್ಲಿ ಬಚ್ಚಿಡುತ್ತಿದ್ದಳು. ಇರುಳು ಎದ್ದು, ಸತ್ತು ನಲವತ್ತು ವರ್ಷವಾಗಿದ್ದ ಗಂಡನಿಗೆ ನೀರು ಕಾಯಿಸಬೇಕೆಂದು ಒಲೆಯ ಮುಂದೆ ಕೂರುತ್ತಿದ್ದಳು. ಅರವತ್ತಕ್ಕೆ ಅರಳುಮರಳು ಎಂದು ದೊಡ್ಡವರು ಸುಮ್ಮನಾದರು, ನಾವು ಹುಡುಗರು ನಕ್ಕೆವು. ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕಾಯಿಲೆ ಅದು ಎಂದು ಯಾರಿಗೂ ಅನಿಸಲಿಲ್ಲ. ಹಿಂದೆ ಮರೆವಿನ ರೋಗ ಇರಲಿಲ್ಲ ಎಂದು ಹೇಳುವ ಬಹಳ ಮಂದಿಯ ಮನೆಯಲ್ಲಿ ಇಂಥ ಒಬ್ಬ ಅಜ್ಜಿ ಹಿಂದಿನ ಕೋಣೆಯಲ್ಲಿದ್ದಳು. ಅವಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಲೆಕ್ಕ ಹಿಡಿದಾಗ ಏನು ಕಂಡಿತು ಎಂಬುದನ್ನೂ ಹೇಳಬೇಕು. ನಮ್ಮ ದೇಶದ ಹಿರಿಯರ ಮೇಲೆ ನಡೆದ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅರವತ್ತು ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಎಂಬುದು ಅದರ ಅಂದಾಜು. ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹಳ್ಳಿಯ ಗಾಳಿ, ಮೈಬಗ್ಗಿಸಿದ ದುಡಿಮೆ, ರೊಟ್ಟಿ ಇವಿಷ್ಟೇ ಮೆದುಳನ್ನು ಕಾಯುವುದಾಗಿದ್ದರೆ ಈ ಅಂಕಿ ತಿರುಗಿ ನಿಲ್ಲಬೇಕಿತ್ತು. ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ, ನಮ್ಮ ಕೈಲಿ ಬದಲಾಯಿಸಲು ಆಗುವ 14 ಅಪಾಯಗಳನ್ನು ಹೆಸರಿಸಿತು. ಎಲ್ಲವನ್ನೂ ಸರಿಪಡಿಸಲು ಸಾಧ್ಯವಾದರೆ ಪ್ರಪಂಚದ ಡಿಮೆನ್ಷಿಯಾದಲ್ಲಿ ಶೇ. 45ರಷ್ಟನ್ನು ತಪ್ಪಿಸಬಹುದು ಇಲ್ಲವೇ ಮುಂದೂಡಬಹುದು ಎಂದಿತು. ಆ ಪಟ್ಟಿಯನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಹಳೆಯ ಮನೆಯವರು ಒಬ್ಬೊಬ್ಬರಾಗಿ ಅದರಲ್ಲಿ ಕಂಡರು. ಶಾಲೆ ಕಾಣದ ಅಜ್ಜಿ. ಬಿಪಿ ಏನೆಂದೇ ತಿಳಿಯದ ದೊಡ್ಡಪ್ಪ. ಕಿವಿ ಕಳೆದುಕೊಂಡ ಅಪ್ಪ. ಒಲೆಯ ಹೊಗೆಯಲ್ಲಿ ಕೆಮ್ಮುತ್ತಿದ್ದ ಅವ್ವ.

ದೊಡ್ಡಪ್ಪನ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಇಡೀ ಪಟ್ಟಿಯಲ್ಲಿ ನಮ್ಮ ಸೀಮೆಗೆ ಅತಿ ಮುಖ್ಯವಾದದ್ದು ಅದೇ ಎಂದು ನನ್ನ ನಂಬಿಕೆ. ಆಳು ನೋಡಿದರೆ ಕಲ್ಲುಗುಂಡು. ಕಾಯಿಲೆ ಎಂದು ಒಂದು ದಿನ ಮಲಗಿದ್ದು ನಾನು ನೋಡಿರಲಿಲ್ಲ. ಆದರೆ ಕಾಲುವೆಯ ನೀರಿನ ಸರದಿ ರಾತ್ರಿ ಬಂದರೆ ರಾತ್ರಿಯಿಡೀ ಗದ್ದೆಯಲ್ಲೇ ಇರಬೇಕು. ಹಿಂದಿನವರು ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದರು ಎನ್ನುವವರು ಕಬ್ಬಿಗೆ ನೀರು ಕಟ್ಟಿದವರಲ್ಲ. ನಿದ್ದೆ ಬರದಂತೆ ಬೀಡಿ. ಊಟಕ್ಕೆ ಉಪ್ಪಿನಕಾಯಿ, ಅದರ ಜೊತೆಗೆ ತಟ್ಟೆಯ ಮೂಲೆಯಲ್ಲಿ ಬೇರೆ ಉಪ್ಪು. ಐವತ್ತು ದಾಟಿದ ಮೇಲೆ ಒಂದು ದಿನ ಗದ್ದೆಯ ಬದುವಿನಲ್ಲೇ ಬಿದ್ದರು. ಬಾಯಿ ಸೊಟ್ಟಗಾಗಿತ್ತು. ಲಕ್ವ ಹೊಡೆದಿದೆ ಎಂದು ಬಂಡಿಯಲ್ಲಿ ಹಾಕಿಕೊಂಡು ಬಂದರು. ಎಣ್ಣೆ ತಿಕ್ಕಿದರು, ಪಾರಿವಾಳದ ರಕ್ತ ಸವರಿದರು, ತಾಯತ ಕಟ್ಟಿದರು. ಕೈಕಾಲು ಒಂದಿಷ್ಟು ಮರಳಿ ಬಂತು. ಬಿಪಿಯನ್ನು ಯಾರೂ ನೋಡಲಿಲ್ಲ.

ಅದಾದ ಮೇಲಿನ ಐದಾರು ವರ್ಷ ಅವರ ಬುದ್ಧಿ ಮೆಟ್ಟಿಲು ಇಳಿದ ಹಾಗೆ ಇಳಿಯಿತು. ಕೆಲವು ತಿಂಗಳು ಇದ್ದ ಹಾಗೇ ಇರುವರು, ಇದ್ದಕ್ಕಿದ್ದಂತೆ ಒಂದು ದಿನ ಬಾಳೆಗೊನೆಯ ಲೆಕ್ಕ ತಪ್ಪುವರು, ಮತ್ತೆ ಅಲ್ಲೇ ನಿಲ್ಲುವರು. ಸಣ್ಣಸಣ್ಣ ಲಕ್ವಗಳು ಒಳಗೇ ಆಗುತ್ತಿದ್ದವೆಂದು ಈಗ ತಿಳಿಯುತ್ತದೆ. ಮೆದುಳಿನ ಆಳಕ್ಕೆ ರಕ್ತ ಒಯ್ಯುವ ನಾಳಗಳು ಕೂದಲೆಳೆಯಂಥವು. ವರ್ಷಗಟ್ಟಲೆ ಒತ್ತಡ ಹೆಚ್ಚಾಗಿದ್ದರೆ ಅವುಗಳ ಗೋಡೆ ದಪ್ಪವಾಗಿ ಬಿರುಸಾಗಿ ದಾರಿ ಕಿರಿದಾಗುತ್ತದೆ. ದೊಡ್ಡ ಕಾಲುವೆ ತುಂಬಿ ಹರಿದರೂ ಕೊನೆಭಾಗದ ರೈತನ ಹೊಲ ಒಣಗುವುದನ್ನು ತುಂಗಭದ್ರೆಯ ಕೆಳಗಿನ ನಮಗೆ ಬಿಡಿಸಿ ಹೇಳಬೇಕಿಲ್ಲ. ತಲೆಯೊಳಗೂ ಹಾಗೆಯೇ ಕೊನೆಯ ಗದ್ದೆಗಳು ಮೊದಲು ಒಣಗುತ್ತವೆ. ನೋವಿಲ್ಲ, ಜ್ವರವಿಲ್ಲ, ಸೂಚನೆಯೇ ಇಲ್ಲ.

ಸೂಚನೆ ಇಲ್ಲದಿರುವುದೇ ಇವತ್ತಿಗೂ ನಮ್ಮನ್ನು ಕೆಡಿಸುತ್ತಿರುವುದು. ಈಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡುತ್ತಾರೆ, ಗುಳಿಗೆಯನ್ನು ಪುಕ್ಕಟೆ ಕೊಡುತ್ತಾರೆ, ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಕೇಳುತ್ತಾಳೆ. ದೊಡ್ಡಪ್ಪನ ಕಾಲದಲ್ಲಿ ಇದರಲ್ಲಿ ಒಂದೂ ಇರಲಿಲ್ಲ. ಆದರೂ ನಮ್ಮ ಓಣಿಯಲ್ಲಿ ಎಷ್ಟೋ ಜನ ಎರಡು ತಿಂಗಳು ಗುಳಿಗೆ ನುಂಗಿ ‘ಈಗ ಆರಾಮ ಅದೀನಿ’ ಎಂದು ಬಿಡುತ್ತಾರೆ. ಗುಳಿಗೆ ಒಮ್ಮೆ ಹಿಡಿದರೆ ಸಾಯುವತನಕ ಬಿಡುವುದಿಲ್ಲ ಎಂಬ ಹೆದರಿಕೆ ಬೇರೆ. ಚೀನಾದ 326 ಹಳ್ಳಿಗಳಲ್ಲಿ ಸುಮಾರು 34,000 ಜನರನ್ನು ಇಟ್ಟುಕೊಂಡು ನಡೆಸಿದ ಒಂದು ಪ್ರಯೋಗದ ಫಲ 2025ರಲ್ಲಿ ಬಂದಿದೆ. ಅರ್ಧದಷ್ಟು ಹಳ್ಳಿಗಳಲ್ಲಿ ದೊಡ್ಡ ಡಾಕ್ಟರುಗಳಲ್ಲ, ಹಳ್ಳಿಯ ವೈದ್ಯಕೀಯ ಕಾರ್ಯಕರ್ತರೇ ಬಿಪಿಯ ಬೆನ್ನುಹತ್ತಿ, ಗುಳಿಗೆ ತಪ್ಪದಂತೆ ನೋಡಿಕೊಂಡರು. ನಾಲ್ಕು ವರ್ಷದ ಮೇಲೆ ಅಂಥ ಹಳ್ಳಿಗಳಲ್ಲಿ ಡಿಮೆನ್ಷಿಯಾ ಶೇ. 15ರಷ್ಟು ಕಡಿಮೆಯಿತ್ತು. ಕಂಪ್ಲಿಯ ಹಳ್ಳಿಗಳಲ್ಲಿ, ಸಂಡೂರಿನ ತಾಂಡಾಗಳಲ್ಲಿ ಆಗದ ಕೆಲಸವೇನೂ ಇದಲ್ಲ. ಕುರ್ಚಿಗೆ ಬೆನ್ನು ಕೊಟ್ಟು ಐದು ನಿಮಿಷ ಸುಮ್ಮನೆ ಕೂತು ನೋಡಿಸಿಕೊಳ್ಳಬೇಕು, ಮೇಲಿನ ಅಂಕಿ ಪದೇ ಪದೇ 140 ದಾಟಿದರೆ ಡಾಕ್ಟರನ್ನು ಕಾಣಬೇಕು, ಅವರು ಹೇಳದೆ ಗುಳಿಗೆ ನಿಲ್ಲಿಸಬಾರದು. ಮೆದುಳಿನ ಬಗ್ಗೆ ನನ್ನನ್ನು ಯಾರಾದರೂ ಒಂದೇ ಮಾತು ಕೇಳಿದರೆ ನಾನು ಹೇಳುವುದು ಇದನ್ನೇ. ಬಾದಾಮಿ, ಬ್ರಾಹ್ಮಿ ಎಲ್ಲ ಆಮೇಲೆ.

ಊಟದ ಮಾತಿಗೆ ಬರುತ್ತೇನೆ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ಕಾಲುವೆಗೆ ನೀರು ಬಂತು. ಅದಕ್ಕೂ ಮೊದಲು ಹೊಸಪೇಟೆ, ಹಂಪಿ, ಕಂಪ್ಲಿಯಲ್ಲಿ ವಿಜಯನಗರದ ಅರಸರು ತೋಡಿಸಿದ ಕಾಲುವೆಗಳ ಕೆಳಗಿನ ಮಾಗಾಣಿಯಲ್ಲಿ ಭತ್ತ, ಬಾಳೆ, ಕಬ್ಬು ಇದ್ದವು. ಅದರಾಚೆಗೆಲ್ಲ ಒಣ ಬೇಸಾಯ, ಬಳ್ಳಾರಿ ಎಂದರೆ ಬರದ ಸೀಮೆ. ಅಜ್ಜಿಗೆ ಅನ್ನ ಹಬ್ಬದ ಅಡುಗೆ. ದಿನದ ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ; ಬೇಳೆ ಇದ್ದರೆ ಇತ್ತು. ಹೆಂಗಸರು ಕೊನೆಗೆ ಉಣ್ಣುತ್ತಿದ್ದರು, ಕೊನೆಗೆ ಉಣ್ಣುವವರಿಗೆ ಪಲ್ಯ ಉಳಿಯುತ್ತಿರಲಿಲ್ಲ. ನಮ್ಮ ಅವ್ವ ಖಾರ ನೀರಿನಲ್ಲಿ ರೊಟ್ಟಿ ಅದ್ದಿ ತಿಂದದ್ದನ್ನು ನಾನು ನೋಡಿದ್ದೇನೆ. ಅದನ್ನು ಇವತ್ತು ಆರೋಗ್ಯದ ಆಹಾರ ಎಂದು ಹೊಗಳುವುದು ಅವಳಿಗೆ ಮಾಡುವ ಅನ್ಯಾಯ.

ನೀರು ಬಂದಮೇಲೆ ಅನ್ನ ಬಂತು. ಗುಂಟೂರು, ಕೃಷ್ಣಾ, ಗೋದಾವರಿ ಕಡೆಯಿಂದ ಬಂದ ರೈತರ ಕ್ಯಾಂಪುಗಳು ಬಂದವು, ಕಂಪ್ಲಿ ಗಂಗಾವತಿಗಳಲ್ಲಿ ಅಕ್ಕಿ ಗಿರಣಿಗಳು ಸಾಲಾಗಿ ಎದ್ದವು. ಸೋನಾ ಮಸೂರಿ ಬಂದಿತು. ಒಂದು ತಲೆಮಾರಿನಲ್ಲಿ ಮೂರು ಹೊತ್ತೂ ಅನ್ನವಾಯಿತು. ಹಸಿವು ಕಂಡ ಜನ ತಟ್ಟೆಯ ತುಂಬ ಬೆಳ್ಳಗಿನ ಅನ್ನ ಹಾಕಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಗದ್ದೆಯಲ್ಲಿ ದುಡಿಯುವತನಕ ಅದು ಕರಗುತ್ತಿತ್ತು. ನಾಟಿಗೆ ಯಂತ್ರ, ಕೊಯ್ಲಿಗೆ ಯಂತ್ರ, ಸಂತೆಗೆ ಬೈಕು ಬಂದು, ಅನ್ನದ ಅಳತೆ ಮಾತ್ರ ಹಾಗೇ ಉಳಿದಾಗ ಸಕ್ಕರೆ ಕಾಯಿಲೆ ಮನೆಮನೆಗೆ ಬಂತು. ಹತೋಟಿಯಿಲ್ಲದ ಸಕ್ಕರೆ ಆ ಕೂದಲೆಳೆಯ ನಾಳಗಳನ್ನೇ ಕೆಡಿಸುತ್ತದೆ, ಬಿಪಿ ಕೆಡಿಸುವ ಹಾಗೆ. ರೊಟ್ಟಿಗೆ ಮರಳಿದರೆ ಸಾಕು ಎನ್ನುವವರಿಗೂ ಒಂದು ಮಾತು: ಜೋಳವೂ ಹಿಟ್ಟೇ. ಕೂತಲ್ಲೇ ಕೂತು ಐದು ರೊಟ್ಟಿ ಮುರಿದರೆ ಸಕ್ಕರೆ ಏರಿಯೇ ಏರುತ್ತದೆ. ಹೆಚ್ಚಬೇಕಾದದ್ದು ರೊಟ್ಟಿಯ ಪಕ್ಕದಲ್ಲಿರುವುದು: ಮಡಕಿ ಕಾಳು, ಹೆಸರುಕಾಳು, ಸೊಪ್ಪು, ಶೇಂಗಾ ಚಟ್ನಿ, ಮೊಸರು. ಕಡಿಮೆಯಾಗಬೇಕಾದದ್ದು ಸಂಜೆಯ ಒಗ್ಗರಣೆ ಮಂಡಕ್ಕಿಯ ಜೊತೆಗಿನ ಮಿರ್ಚಿ ಮತ್ತು ಎಲ್ಲದರ ಮೇಲೂ ಉದುರಿಸುವ ಉಪ್ಪು. ಆ ಕಾಲದ ಹೆಂಗಸರ ತಟ್ಟೆಯಲ್ಲಿ ಇರದೇ ಹೋದದ್ದು ಈಗ ಕೊಂಡು ತಿನ್ನುವಷ್ಟು ಹಣ ನಮ್ಮಂಥವರ ಕೈಯಲ್ಲಿದೆ. ಆ ಹಣದಲ್ಲಿ ಬಿಸ್ಕತ್ತಿನ ಪೊಟ್ಟಣ ತರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅಕ್ಕನನ್ನು ಸಂಡೂರಿಗೆ ಕೊಟ್ಟರು. ನನಗೆ ರಜೆ ಬಂದಾಗಲೆಲ್ಲ ಅಲ್ಲೇ. ಸಂಡೂರಿನ ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಐದು ಭಾಷೆ ಕಿವಿಗೆ ಬೀಳುತ್ತಿದ್ದವು. ಘೋರ್ಪಡೆ ಅರಸರ ಸಂಸ್ಥಾನವಾಗಿದ್ದ ಊರಾದ್ದರಿಂದ ಮರಾಠಿ, ತಾಂಡಾದಿಂದ ಸೌದೆ ಮಾರಲು ಬಂದವರ ಲಂಬಾಣಿ, ಬಟ್ಟೆ ಅಂಗಡಿಯ ಉರ್ದು, ತರಕಾರಿಯವರ ತೆಲುಗು, ಎಲ್ಲರಿಗೂ ಸೇರಿ ಕನ್ನಡ. ಅಕ್ಕ ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ಕುಂಕುಮದವಳ ಹತ್ತಿರ ತೆಲುಗಿನಲ್ಲಿ ಚೌಕಾಸಿ ಮಾಡಿ, ಪಕ್ಕದ ಬೂಬಮ್ಮನ ಹತ್ತಿರ ಉರ್ದುವಿನಲ್ಲಿ ದೂರಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಬೈಯುವಳು. ಅದನ್ನು ವಿದ್ಯೆ ಎಂದು ಯಾರೂ ಎಣಿಸಿರಲಿಲ್ಲ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳ ವಿವರ ನೋಡಿ 2013ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಒಂದೇ ಭಾಷೆ ಆಡುವವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಆ ಅಂತರ ಇತ್ತು. ರೋಗಿಗಳ ದಾಖಲೆ ನೋಡಿ ಹೇಳಿದ ಮಾತು ಅದು, ಭಾಷೆಯೇ ಕಾರಣ ಎಂದು ಗೆರೆ ಎಳೆದು ಹೇಳಲಾಗದು. ಆದರೆ ಒಂದು ಮಾತನ್ನು ತಡೆಹಿಡಿದು ಇನ್ನೊಂದನ್ನು ಹೊರತರುವ ಕೆಲಸವನ್ನು ಮೆದುಳು ದಿನವಿಡೀ ಮಾಡುತ್ತಿದ್ದರೆ ಅದಕ್ಕೆ ಕಸುವು ಬರುತ್ತದೆ ಎಂಬುದು ಅವರ ಊಹೆ. ನನಗದು ಒಪ್ಪಿಗೆಯಾಗುವ ಊಹೆ.

ಅದೇ ಸಂಡೂರು ತಾಲೂಕಿನ ದರೋಜಿಯಲ್ಲಿ ಬುರ್ರಕಥಾ ಈರಮ್ಮ ಇದ್ದರು. 1930ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡವರು, ಅಲೆಮಾರಿ ಬುಡ್ಗ ಜಂಗಮ ಸಮುದಾಯದವರು. ಆ ಸಮುದಾಯದ ಮನೆಮಾತು ತೆಲುಗು, ಈರಮ್ಮ ಕಾವ್ಯ ಹಾಡಿದ್ದು ಕನ್ನಡದಲ್ಲಿ. ಅಕ್ಷರ ಬಾರದ ಅವರಿಗೆ ಹತ್ತಕ್ಕೂ ಹೆಚ್ಚು ದೀರ್ಘ ಕಾವ್ಯಗಳು ಬಾಯಿಗೆ ಬರುತ್ತಿದ್ದವು, ಕಂಪ್ಲಿಯ ಕುಮಾರರಾಮನದೂ ಸೇರಿ. ಒಂದೊಂದನ್ನೂ ರಾತ್ರಿಗಟ್ಟಲೆ ಹಾಡಬಹುದಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಅವರ ನೆನಪನ್ನು ದೈವದತ್ತ ಎನ್ನುವವರಿದ್ದಾರೆ. ಚಿಕ್ಕಂದಿನಿಂದ ಕೇಳಿ, ಊರೂರಿಗೆ ಹೋಗಿ, ಕೇಳುವವರ ಮುಖ ನೋಡಿ ಎಳೆಯುತ್ತ ಮೊಟಕುಗೊಳಿಸುತ್ತ ಹಾಡಿ ಗಳಿಸಿದ ನೆನಪು ಅದು. ಹೊಟ್ಟೆಪಾಡು ಅದರ ಮೇಲೆಯೇ ನಿಂತಿತ್ತು. ನಾವು ಈಗ ಮಗಳ ಫೋನ್ ನಂಬರನ್ನೂ ಫೋನಿಗೇ ಒಪ್ಪಿಸಿದ್ದೇವೆ. ಅದರಿಂದ ಮೆದುಳು ಕೆಡುತ್ತದೆ ಎಂದು ನಾನು ಹೆದರಿಸುವುದಿಲ್ಲ. ಆದರೆ ಕೇಳುಗರಿದ್ದು, ತಪ್ಪಿದರೆ ತಿದ್ದುವವರಿದ್ದು, ಹೊಸದನ್ನು ಕಲಿಯುವ ಒತ್ತಾಯವಿದ್ದು ನಡೆಯುವ ಅಭ್ಯಾಸಕ್ಕೂ, ಒಬ್ಬರೇ ಕೂತು ಬೆರಳಾಡಿಸುತ್ತ ರೀಲ್ಸ್ ನೋಡುವುದಕ್ಕೂ ಅಜಗಜಾಂತರ. ನಮ್ಮ ಓಣಿಯ ಭಜನೆ ಮಂಡಳಿಯ ಹೆಂಗಸರಿಗೆ ನಾನು ಪ್ರತಿ ತಿಂಗಳೂ ಹೊಸ ಹಾಡು ಕಲಿಯಿರಿ ಎಂದು ಕಾಡುತ್ತೇನೆ. ಬಾಯಿಪಾಠವಾಗಿ ಹೋದದ್ದನ್ನೇ ಹಾಡುವುದರಲ್ಲಿ ಸುಖವಿದೆ, ದುಡಿಮೆ ಇಲ್ಲ.

ಸಂಡೂರಿನದೇ ಇನ್ನೊಂದು ಮಾತು. ಲಂಬಾಣಿ ಕಸೂತಿ ಅಲ್ಲಿಯ ಹೆಸರು. ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ಹೊರದೇಶಕ್ಕೂ ಹೋಗುತ್ತದೆ, ಅದಕ್ಕೆ ಜಿಐ ಗುರುತೂ ಸಿಕ್ಕಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಎಳೆ ಎಣಿಸಿ ಕನ್ನಡಿ ಕೂರಿಸುವ ಕೆಲಸ ಕಣ್ಣು, ಬೆರಳು, ಲೆಕ್ಕ ಮೂರನ್ನೂ ಒಟ್ಟಿಗೆ ಬೇಡುತ್ತದೆ. ಅಕ್ಕನ ನೆರೆಯ ತಾಂಡಾದ ಮುದುಕಿಯರು ಹಿಂದೆ ಐವತ್ತೈದಕ್ಕೆಲ್ಲ ಸೂಜಿ ಕೆಳಗಿಡುತ್ತಿದ್ದರು. ಕಣ್ಣಿಗೆ ಪೊರೆ. ಸೂಜಿ ಇಟ್ಟ ಮೇಲೆ ಜೊತೆಗೆ ಕೂತು ಹೊಲಿಯುವವರ ಮಾತೂ ಇಲ್ಲ, ದುಡ್ಡೂ ಇಲ್ಲ, ಮನೆಯಲ್ಲಿ ಲೆಕ್ಕಕ್ಕೂ ಇಲ್ಲ. ಕುರುಡು ಬುದ್ಧಿಯನ್ನೂ ಮಂಕು ಮಾಡುವ ಬಗೆ ಹೀಗೆ. ಸರಿಪಡಿಸದ ದೃಷ್ಟಿದೋಷ ಲ್ಯಾನ್ಸೆಟ್ ಪಟ್ಟಿಗೆ ಸೇರಿದ್ದು 2024ರಲ್ಲಿ. ಈಗ ಪೊರೆ ತೆಗೆಯುವ ಶಿಬಿರಕ್ಕೆ ಬೆಳಗ್ಗೆ ಹೋದವರು ಸಾಮಾನ್ಯವಾಗಿ ಸಂಜೆಗೋ ಮರುದಿನಕ್ಕೋ ಮನೆಯಲ್ಲಿರುತ್ತಾರೆ. ‘ನನಗಿನ್ನೆಷ್ಟು ದಿನ, ಎದಕ್ಕ ಬೇಕು ಆಪರೇಶನ್ನು’ ಎನ್ನುವವರನ್ನು ಮಕ್ಕಳು ಸುಮ್ಮನೆ ಬಿಡಬಾರದು.

ಕಣ್ಣಿಗಾದರೂ ಕನ್ನಡಕ ಹಾಕಲು ನಾಚಿಕೆಯಿಲ್ಲ. ಕಿವಿಯ ವಿಷಯದಲ್ಲಿ ನಾವು ಇನ್ನೂ ಅಪ್ಪನ ಕಾಲದಲ್ಲೇ ಇದ್ದೇವೆ. ಅಪ್ಪ ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಯಂತ್ರದ ಪಕ್ಕದ ಕೋಣೆ. ಮನೆಗೆ ಬಂದರೆ ಕೂಗಿಯೇ ಮಾತಾಡುವರು, ನಾವೂ ಕೂಗಬೇಕು. ನಿವೃತ್ತರಾಗುವ ಹೊತ್ತಿಗೆ ಬಯಲಾಟಕ್ಕೆ ಹೋಗುವುದನ್ನು ಬಿಟ್ಟರು. ಮುಂದೆ ಕೂತರೂ ಮಾತು ತಿಳಿಯುವುದಿಲ್ಲ, ಪಕ್ಕದವರು ನಕ್ಕಾಗ ತಾನು ಸುಮ್ಮನಿರಬೇಕು. ಆಮೇಲೆ ಕಟ್ಟೆಯ ಹರಟೆ ಬಿಟ್ಟರು. ಆಮೇಲೆ ಮದುವೆಗಳನ್ನು ಬಿಟ್ಟರು. ಮುದುಕಪ್ಪನಿಗೆ ಸಿಟ್ಟು ಜಾಸ್ತಿ ಎಂದರು ಜನ. ಸಿಟ್ಟಲ್ಲ, ಕೇಳಿಸುತ್ತಿರಲಿಲ್ಲ. ಅಮೆರಿಕದಲ್ಲಿ ಹಿರಿಯರಿಗೆ ಮೂರು ವರ್ಷ ಕಿವಿಯ ಯಂತ್ರ ಕೊಟ್ಟು ನೋಡಿದ ಪ್ರಯೋಗವೊಂದು 2023ರಲ್ಲಿ ಹೊರಬಂತು. ಎಲ್ಲರನ್ನೂ ಸೇರಿಸಿ ನೋಡಿದಾಗ ಲಾಭ ಕಾಣಲಿಲ್ಲ. ಮರೆವಿನ ಅಪಾಯ ಮೊದಲೇ ಹೆಚ್ಚಿದ್ದವರಲ್ಲಿ ಮಾತ್ರ ಬುದ್ಧಿ ಕುಂದುವ ವೇಗ ಸುಮಾರು ಅರ್ಧಕ್ಕೆ ಇಳಿದಿತ್ತು. ಅಷ್ಟು ಸಾಕಲ್ಲ. ಮೆದುಳಿಗೆ ಲಾಭವಾಗದಿದ್ದರೂ ಮಗ ಹೇಳಿದ್ದು ಕೇಳಿಸಿದರೆ ಅದೇನು ಸಣ್ಣ ಲಾಭವೇ?

ಹೊಗೆ, ದೂಳಿನ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಇಲ್ಲಿ ಬದುಕಿದವರಿಗೆಲ್ಲ ಗೊತ್ತು. ಒಲೆಯ ಹೊಗೆ ಹೋಗಿ ಗ್ಯಾಸ್ ಬಂತು, ಅದು ಹೆಂಗಸರ ಪಾಲಿಗೆ ಬಂದ ದೊಡ್ಡ ಭಾಗ್ಯ. ಅದೇ ಹೊತ್ತಿಗೆ ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಹಗಲೂ ರಾತ್ರಿ ಇಳಿದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ತನಕ ಅಕ್ಕನ ಮನೆಯ ಗೋಡೆ, ತುಳಸಿಗಿಡ, ಒಣಹಾಕಿದ ಸೀರೆ ಎಲ್ಲ ಕೆಂಪು. ಗಾಳಿಯ ಸೂಕ್ಷ್ಮ ದೂಳು ಎದೆಗಷ್ಟೇ ಅಲ್ಲ, ಮೆದುಳಿಗೂ ಕೇಡು. ಇದನ್ನು ಒಬ್ಬರ ಒಳ್ಳೆಯ ಅಭ್ಯಾಸದಿಂದ ಸರಿಪಡಿಸಲಾಗದು. ದೂಳು ತಡೆಯುವುದು ಗಣಿಯವರ, ಸರ್ಕಾರದ ಹೊಣೆ.

ಇನ್ನು ಜನರ ಒಡನಾಟ. ಹಿಂದಿನ ತುಂಬಿದ ಮನೆಯಲ್ಲಿ ಯಾರೂ ಒಂಟಿಯಾಗಿರಲಿಲ್ಲ ಎನ್ನುತ್ತಾರೆ. ಅಜ್ಜಿ ಇಪ್ಪತ್ತೈದಕ್ಕೆ ಗಂಡನನ್ನು ಕಳೆದುಕೊಂಡವಳು. ಹತ್ತಾರು ಜನರಿದ್ದ ಮನೆಯಲ್ಲಿ ಶುಭಕಾರ್ಯಕ್ಕೆ ಹೊರಗೆ ಬರುವಂತಿಲ್ಲ, ಅರಿಶಿಣ ಕುಂಕುಮಕ್ಕೆ ಕರೆಯುವಂತಿಲ್ಲ, ಯಾರಾದರೂ ಹೊರಟಾಗ ಎದುರು ಬರುವಂತಿಲ್ಲ. ಹಂಪಿ ಜಾತ್ರೆಗೆ ಅಷ್ಟು ದೂರ ನಡೆಯಲು ಅವಳು ಅಷ್ಟೊಂದು ಹಂಬಲಿಸಿದ್ದು ಏಕೆಂದು ಬಹಳ ತಡವಾಗಿ ತಿಳಿಯಿತು. ಅಲ್ಲಿ ಅವಳನ್ನು ಗುರುತಿಸುವವರು ಇರಲಿಲ್ಲ, ತಡೆಯುವವರೂ ಇರಲಿಲ್ಲ. ಅವಳ ಮೆದುಳಿಗೆ ಕೇಡು ಮಾಡಿದ್ದು ಅಕ್ಷರವಿಲ್ಲದ್ದೋ, ಒಂಟಿತನವೋ, ಹೊಗೆಯೋ, ಪೊರೆಯೋ, ಬರೀ ವಯಸ್ಸೋ, ಹೇಳಬಲ್ಲವರು ಯಾರೂ ಇಲ್ಲ. ಒಬ್ಬೊಬ್ಬರ ವಿಷಯದಲ್ಲಿ ಅದನ್ನು ಹೇಳಲು ಬರುವುದಿಲ್ಲ. ಆದರೆ ಆ ಪಟ್ಟಿಯಲ್ಲಿ ಅವಳು ಆರಿಸಿಕೊಂಡದ್ದು ಒಂದೂ ಇರಲಿಲ್ಲ.

ಈಗಿನ ಒಂಟಿತನ ಬೇರೆ ಬಗೆಯದು. ಮಕ್ಕಳು ಬೆಂಗಳೂರು, ಹೈದರಾಬಾದ್, ಡಲ್ಲಾಸ್. ಹೊಸಪೇಟೆಯ ಹೊಸ ಬಡಾವಣೆಗಳಲ್ಲಿ ಮೂರು ಮಲಗುವ ಕೋಣೆಯ ಮನೆಯಲ್ಲಿ ಇಬ್ಬರು ಮುದುಕರು, ಎರಡು ಕೋಣೆಗೆ ಬೀಗ. ಹಂಪಿಯಲ್ಲಿ 2011ರ ಜುಲೈಯಲ್ಲಿ ಬಜಾರಿನ ಮನೆಗಳನ್ನು ತೆರವು ಮಾಡಿ ಅಲ್ಲಿಯವರಿಗೆ ಕಡ್ಡಿರಾಂಪುರದಲ್ಲಿ ಜಾಗ ಕೊಟ್ಟರು. ಸ್ಮಾರಕ ಉಳಿಯಬೇಕಿತ್ತು, ಅದರ ವಾದ ಇಲ್ಲಿ ಬೇಡ. ನಾನು ನೋಡಿದ್ದು, ದಿನಕ್ಕೆ ಎರಡು ಸಲ ವಿರೂಪಾಕ್ಷನ ಗುಡಿಗೆ ನಡೆದು ಹೋಗಿ ಬಜಾರಿನುದ್ದಕ್ಕೂ ಮಾತಾಡಿಸಿಕೊಂಡು ಬರುತ್ತಿದ್ದ ಹಿರಿಯರಿಗೆ ನಡಿಗೆಯೂ ಮಾತೂ ಒಂದೇ ದಿನ ನಿಂತುಹೋದದ್ದು. ಯಾವುದೇ ಊರನ್ನು ಎಬ್ಬಿಸಿ ಕೂರಿಸುವಾಗ ಮುದುಕರ ಕಾಲುಹಾದಿಯನ್ನೂ ನಕ್ಷೆಯಲ್ಲಿ ಬರೆಯಬೇಕು.

ಫಿನ್‌ಲೆಂಡಿನಲ್ಲಿ 60ರಿಂದ 77 ವರ್ಷದ 1,260 ಜನರನ್ನು ಎರಡು ವರ್ಷ ನೋಡಿಕೊಂಡ ಒಂದು ಪ್ರಯೋಗವಿದೆ, 2015ರದು. ಅರ್ಧ ಜನಕ್ಕೆ ಊಟ, ವ್ಯಾಯಾಮ, ಬುದ್ಧಿಗೆ ಕೆಲಸ, ಬಿಪಿ ಸಕ್ಕರೆಗಳ ತಪಾಸಣೆ ಎಲ್ಲವನ್ನೂ ಒಟ್ಟಿಗೆ ಕೊಟ್ಟರು. ಅವರ ಬುದ್ಧಿಶಕ್ತಿ ಉಳಿದರ್ಧದವರಿಗಿಂತ ಚೆನ್ನಾಗಿ ಉಳಿಯಿತು. ದೊಡ್ಡಪ್ಪನ ದುಡಿಮೆಗೆ ಬಿಪಿ ಗುಳಿಗೆ ಸೇರಿದ್ದರೆ, ಅಜ್ಜಿಯ ನಡಿಗೆಗೆ ಅಕ್ಷರ, ಕಣ್ಣು ಮತ್ತು ನಾಲ್ಕು ಜನರ ಸಂಗ ಸೇರಿದ್ದರೆ ಎಂದು ಅದನ್ನು ಓದಿದಾಗಿನಿಂದ ಯೋಚಿಸುತ್ತೇನೆ. ಅವರಿಗೆ ಅದನ್ನು ಸೇರಿಸಿಕೊಳ್ಳುವ ದಾರಿ ಇರಲಿಲ್ಲ. ನಮಗೆ ಗುಳಿಗೆ ಇದೆ, ಕನ್ನಡಕ ಇದೆ, ಕಿವಿಯ ಯಂತ್ರ ಇದೆ. ನಡಿಗೆ ಮತ್ತು ಸಂಗವನ್ನು ನಾವೇ ಎದ್ದು ಹೋಗಿ ಸೇರಿಸಿಕೊಳ್ಳಬೇಕು.

ಅಕ್ಕನಿಗೆ ಈಗ ಎಪ್ಪತ್ತನಾಲ್ಕು. ಹೋದ ವರ್ಷ ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಕೇಳಿದ್ದನ್ನೇ ಕೇಳುವುದು ಶುರುವಾಯಿತು. ‘ನನಗೇನಾಗೇತಿ? ನೆಟ್ಟಗ ಅದೀನಿ, ನೀ ಸುಮ್ಕಿರು’ ಎಂದಳು ನನಗೆ. ನಾನು ಸುಮ್ಮನಿರಲಿಲ್ಲ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಮೆದುಳು ಆರೋಗ್ಯದ ಕಾರ್ಯಕ್ರಮ ಆರಂಭಿಸಿದ ಮೇಲೆ ಜಿಲ್ಲಾ ಮಟ್ಟದಲ್ಲಿ ಅದಕ್ಕೆಂದೇ ಕ್ಲಿನಿಕ್ಕುಗಳು ಬಂದಿವೆ. ಮರೆವು ಎಂದ ಕೂಡಲೇ ಡಿಮೆನ್ಷಿಯಾ ಎಂದು ಷರಾ ಬರೆಯುವುದಿಲ್ಲ. ರಕ್ತದಲ್ಲಿ ಬಿ12 ಕಡಿಮೆಯಿದ್ದರೆ, ಥೈರಾಯ್ಡ್ ಏರುಪೇರಾದರೆ, ಮನಸ್ಸು ಖಿನ್ನವಾಗಿದ್ದರೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ನಿಂತಿದ್ದರೆ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಅಕ್ಕನಿಗೆ ಬಿ12 ತೀರ ಕಡಿಮೆಯಿತ್ತು, ಬಿಪಿ ಹೆಚ್ಚಿತ್ತು, ಸಕ್ಕರೆ ಅದಕ್ಕಿಂತ ಹೆಚ್ಚು. ಚುಚ್ಚುಮದ್ದು, ಗುಳಿಗೆ ನಡೆದಿವೆ. ಹಾಲು ಮರೆಯುವುದು ಕಡಿಮೆಯಾಗಿದೆ, ಕೇಳಿದ್ದನ್ನೇ ಕೇಳುವುದು ಇನ್ನೂ ಇದೆ. ಎಲ್ಲ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿಲ್ಲ, ನಾವೂ ಕೇಳಿಲ್ಲ.

ಒಂದು ಕಣ್ಣಿನ ಪೊರೆ ತೆಗೆಸಿದ್ದಾಯಿತು. ಇನ್ನೊಂದನ್ನು ಸಕ್ಕರೆ ಇನ್ನಷ್ಟು ಇಳಿದ ಮೇಲೆ ಎಂದಿದ್ದಾರೆ. ಅದಕ್ಕಾಗಿ ರಾತ್ರಿಯ ಅನ್ನ ಬಿಡಿಸಿದ್ದೇವೆ. ಪಕ್ಕದ ತಾಂಡಾದ ಹುಡುಗಿಯೊಬ್ಬಳು ಸಂಜೆ ಬಂದು ರೊಟ್ಟಿ ತಟ್ಟಿಕೊಡುತ್ತಾಳೆ. ಅವಳ ಜೊತೆ ಅಕ್ಕ ಲಂಬಾಣಿಯಲ್ಲಿ ಮಾತಾಡುತ್ತಾಳೆ, ತಪ್ಪಾದರೆ ಹುಡುಗಿ ತಿದ್ದುತ್ತಾಳೆ. ಕಿವಿಯ ಪರೀಕ್ಷೆಗೆ ಮಾತ್ರ ಇನ್ನೂ ಒಪ್ಪಿಲ್ಲ. ಬರುವ ಸೋಮವಾರ ಬಳ್ಳಾರಿಗೆ ಕರೆದುಕೊಂಡು ಹೋಗುವುದೆಂದು ಅಳಿಯನೂ ನಾನೂ ಮಾತಾಡಿಕೊಂಡಿದ್ದೇವೆ.